ರಾತ್ರಿ ಮಲಗುವ ಮುನ್ನ ಒಂದು

ಮಾಂಟೆಲುಕಾಸ್ಟ್ ಎಂಬ ಮಾತ್ರೆಯ ವಂಶಾವಳಿ ಹುಡುಕುತ್ತ ಹಿಂದೆ ಹೋದರೆ ಸಿಗುವುದು ನಾಗರಹಾವಿನ ವಿಷ. 1930ರ ದಶಕದ ಕೊನೆಯ ಮಾತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯ ನಿರ್ದೇಶಕರಾಗಿದ್ದ ಚಾರ್ಲ್ಸ್ ಕೆಲ್ಲವೇ, ಹಾವಿನ ವಿಷ ದೇಹದೊಳಗೆ ಏನೇನು ಮಾಡುತ್ತದೆ ಎಂದು ನೋಡುತ್ತಿದ್ದರು. ಅವರ ಜೊತೆ ಸೇರಿಕೊಂಡವರು ವಿಲ್ಹೆಲ್ಮ್ ಫೆಲ್ಡ್‌ಬರ್ಗ್. ಯೆಹೂದಿ ಎಂಬ ಕಾರಣಕ್ಕೆ 1933ರಲ್ಲಿ ಬರ್ಲಿನ್‌ನ ಕೆಲಸ ಕಳೆದುಕೊಂಡು, ಇಂಗ್ಲೆಂಡಿನಲ್ಲಿ ಕೆಲಕಾಲ ಇದ್ದು, ಅಲ್ಲಿಂದ ಮೆಲ್ಬರ್ನ್ ಸೇರಿದ್ದ ಶರೀರಕ್ರಿಯಾ ವಿಜ್ಞಾನಿ. ಇಬ್ಬರೂ ಗಿನಿಪಿಗ್‌ನ ಶ್ವಾಸಕೋಶದ ರಕ್ತನಾಳಗಳಿಗೆ ನಾಗರ ವಿಷ ಹಾಯಿಸಿ, ಆಚೆ ಬದಿಯಲ್ಲಿ ಹೊರಬಂದ ದ್ರವವನ್ನು ಹಿಡಿದಿಟ್ಟು, ಅದನ್ನು ಕರುಳಿನ ಒಂದು ತುಂಡಿನ ಮೇಲೆ ಬಿಟ್ಟು ನೋಡಿದರು. ಆ ದ್ರವದಲ್ಲಿ ಹಿಸ್ಟಮಿನ್ ಇರುತ್ತದೆಂದು ಅವರಿಗೆ ಗೊತ್ತಿತ್ತು. ಹಿಸ್ಟಮಿನ್ ತಾಗಿದರೆ ಕರುಳು ತಟ್ಟನೆ ಸೆಟೆಯುತ್ತದೆ, ಬೇಗ ಸಡಿಲವಾಗುತ್ತದೆ. ಇಲ್ಲಿ ಅದರ ಹಿಂದೆಯೇ ಇನ್ನೊಂದು ಕಾಣಿಸಿತು: ಕರುಳು ನಿಧಾನಕ್ಕೆ ಬಿಗಿಯುತ್ತ ಹೋಗಿ, ಬಹಳ ಹೊತ್ತು ಹಾಗೇ ಬಿಗಿದುಕೊಂಡಿತು. ಇದು ಹಿಸ್ಟಮಿನ್ ಕೆಲಸವಲ್ಲ. 1938ರ ತಮ್ಮ ಪ್ರಬಂಧದಲ್ಲಿ ಅವರು ಗುರುತು ಸಿಗದ ಆ ವಸ್ತುವಿನ ನಿಧಾನದ ನಡೆಯನ್ನು ವರ್ಣಿಸಿದರು. ಎರಡು ವರ್ಷದ ಮೇಲೆ, ವಿಷವೇ ಬೇಕಿಲ್ಲ, ಅಲರ್ಜಿ ಬರಿಸಿದ ಪ್ರಾಣಿಗೆ ಒಗ್ಗದ ವಸ್ತುವನ್ನು ಮತ್ತೆ ಕೊಟ್ಟರೂ ಶ್ವಾಸಕೋಶ ಇದನ್ನೇ ಸುರಿಸುತ್ತದೆ ಎಂಬುದು ತಿಳಿಯಿತು.

ಹಿಸ್ಟಮಿನ್‌ಗೆ ಮದ್ದು ಬೇಗ ಬಂತು. 1940ರ ದಶಕದಲ್ಲೇ ಸೀನಿಗೆ, ಪಿತ್ತದ ಗಂಧೆಗೆ ಆಂಟಿಹಿಸ್ಟಮಿನ್ ಮಾತ್ರೆಗಳು ಕೈಗೆ ಸಿಕ್ಕವು. ಆದರೆ ಅಸ್ತಮಾದ ಉಬ್ಬಸಕ್ಕೆ ಅವು ಮಾಡಿದ್ದು ಅಷ್ಟಕ್ಕಷ್ಟೆ. ಏಕೆ ಎನ್ನುವುದಕ್ಕೆ ಉತ್ತರ ಮೆಲ್ಬರ್ನ್‌ನ ಆ ನಿಧಾನದ ವಸ್ತುವಿನಲ್ಲಿತ್ತು. ಅದು ತಯಾರಾಗುವುದೇ ಅತ್ಯಲ್ಪ ಪ್ರಮಾಣದಲ್ಲಿ, ಕೈಗೆ ಸಿಗುವ ಮೊದಲೇ ಕೆಟ್ಟುಹೋಗುತ್ತದೆ. ಅದರ ರಚನೆ ಬಿಡಿಸಿದ್ದು 1979ರಲ್ಲಿ, ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಬೆಂಗ್ಟ್ ಸ್ಯಾಮುಯೆಲ್‌ಸನ್ ಮತ್ತು ಅವರ ಸಂಗಡಿಗರು. ಹೊಸ ಹೆಸರು ಲ್ಯೂಕೋಟ್ರೈಯೀನ್. ಈ ಕೆಲಸವೂ ಸೇರಿದಂತೆ ಅದೇ ಕುಲದ ವಸ್ತುಗಳ ಶೋಧಕ್ಕಾಗಿ 1982ರಲ್ಲಿ ಸ್ಯಾಮುಯೆಲ್‌ಸನ್, ಸುನೆ ಬರ್ಗ್‌ಸ್ಟ್ರಾಮ್ ಮತ್ತು ಜಾನ್ ವೇನ್ ನೊಬೆಲ್ ಹಂಚಿಕೊಂಡರು.

ಲ್ಯೂಕೋಟ್ರೈಯೀನ್ ಹುಟ್ಟುವ ಬಗೆ ತಿಳಿದುಕೊಂಡರೆ ಒಂದು ಹಳೆಯ ಒಗಟೂ ಬಿಡಿಸಿದಂತಾಗುತ್ತದೆ. ಜೀವಕೋಶದ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಅಡಗಿರುತ್ತದೆ. ಧೂಳೋ ಪರಾಗವೋ ಕೆಣಕಿದಾಗ ಅದು ಬಿಡುಗಡೆಯಾಗುತ್ತದೆ. ಮುಂದೆ ಅದಕ್ಕೆ ಎರಡು ದಾರಿ. ಒಂದು ಕಿಣ್ವದ ಕೈಗೆ ಸಿಕ್ಕರೆ ಪ್ರೊಸ್ಟಗ್ಲಾಂಡಿನ್, ಇನ್ನೊಂದರ ಕೈಗೆ ಸಿಕ್ಕರೆ ಲ್ಯೂಕೋಟ್ರೈಯೀನ್. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವೆಲ್ಲ ಮುಚ್ಚುವುದು ಮೊದಲನೆಯ ದಾರಿಯನ್ನು. ಪ್ರೊಸ್ಟಗ್ಲಾಂಡಿನ್‌ಗಳಲ್ಲಿ ಒಂದು ಬಗೆ ಲ್ಯೂಕೋಟ್ರೈಯೀನ್ ಉತ್ಪತ್ತಿಗೆ ಕಡಿವಾಣ ಹಾಕುತ್ತಿರುತ್ತದೆ. ಕೆಲವು ಅಸ್ತಮಾ ರೋಗಿಗಳಲ್ಲಿ ಆ ಕಡಿವಾಣ ತಪ್ಪಿದರೆ ಲ್ಯೂಕೋಟ್ರೈಯೀನ್ ಉಕ್ಕಿ ಹರಿಯುತ್ತದೆ. ಮಂಡಿನೋವಿಗೆ ಒಂದು ಮಾತ್ರೆ ನುಂಗಿ ಗಂಟೆಯೊಳಗೆ ಉಸಿರು ಕಟ್ಟಿ ಆಸ್ಪತ್ರೆ ಸೇರುವವರ ಕತೆ ಇದೇ. ಇವರ ಮೂಗಿನಲ್ಲಿ ಬಹುತೇಕ ದುರ್ಮಾಂಸವೂ ಬೆಳೆದಿರುತ್ತದೆ.

ಕೆನಡಾದ ಮಾಂಟ್ರಿಯಲ್ ಹತ್ತಿರದ ಮರ್ಕ್ ಫ್ರಾಸ್ಟ್ ಪ್ರಯೋಗಾಲಯದವರು ಲ್ಯೂಕೋಟ್ರೈಯೀನ್ ಹುಟ್ಟುವುದನ್ನು ತಡೆಯುವುದಕ್ಕಿಂತ, ಹುಟ್ಟಿದ ಮೇಲೆ ಅದು ಹೋಗಿ ಕೂರುವ ಜಾಗವನ್ನು ತಪ್ಪಿಸುವುದರ ಮೇಲೆ ಕೆಲಸ ಮಾಡಿದರು. ಶ್ವಾಸನಾಳದ ಸ್ನಾಯುವಿನ ಮೇಲೆ ಈ ರಾಸಾಯನಿಕಕ್ಕೆಂದೇ ಗ್ರಾಹಿಗಳಿವೆ. ಅಲ್ಲಿ ಕೂತರೆ ತಾನೆ ನಾಳ ಬಿಗಿಯುವುದು, ಊದಿಕೊಳ್ಳುವುದು, ಲೋಳೆ ಸುರಿಯುವುದು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನಾವು ನೋಡಿದ್ದೇವೆ. ಮಾಂಟೆಲುಕಾಸ್ಟ್ ಮಾಡುವುದು ಅಷ್ಟೇ. ತಾನು ಕೂತು ಏನೂ ಮಾಡುವುದಿಲ್ಲ. ಟವೆಲ್ ಬಿದ್ದಿರುವುದರಿಂದ ಲ್ಯೂಕೋಟ್ರೈಯೀನ್ ನಿಂತೇ ಇರಬೇಕಾಗುತ್ತದೆ. 1998ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು, ಸಿಂಗ್ಯುಲೇರ್ ಎಂಬ ಹೆಸರಿನಲ್ಲಿ. ಮೊದಲು ಅಸ್ತಮಾಕ್ಕೆ, ಆಮೇಲೆ ಮೂಗಿನ ಅಲರ್ಜಿಗೆ, 2007ರಲ್ಲಿ ವ್ಯಾಯಾಮ ಮಾಡಿದಾಗ ಕಟ್ಟುವ ಉಸಿರಿಗೆ. 2012ರಲ್ಲಿ ಪೇಟೆಂಟ್ ಮುಗಿಯುವ ಹೊತ್ತಿಗೆ ಅದರ ವಾರ್ಷಿಕ ಮಾರಾಟ 500 ಕೋಟಿ ಡಾಲರ್ ದಾಟಿತ್ತು.

ಇಷ್ಟು ಗೆಲುವಿಗೆ ಕಾರಣ ಔಷಧಿಯ ಬಲವಲ್ಲ, ಅದರ ಸಲೀಸು. ದಿನಕ್ಕೆ ಒಂದೇ ಮಾತ್ರೆ. ದೊಡ್ಡವರಿಗೆ 10 ಮಿಲಿಗ್ರಾಂ. 6ರಿಂದ 14 ವರ್ಷದ ಮಕ್ಕಳಿಗೆ ಚೀಪಿ ಅಗಿಯುವ 5 ಮಿಲಿಗ್ರಾಂ. ಇನ್ನೂ ಚಿಕ್ಕವರಿಗೆ 4. ಊಟದ ಮುಂಚೆಯೋ ಆಮೇಲೋ ಎಂಬ ಕಟ್ಟುಪಾಡಿಲ್ಲ. ಮೂತ್ರಪಿಂಡದ ತೊಂದರೆ ಇದ್ದರೂ ಪ್ರಮಾಣ ಬದಲಿಸಬೇಕಿಲ್ಲ. ಅಸ್ತಮಾಕ್ಕೆ ರಾತ್ರಿಯೇ ಏಕೆಂದರೆ ಉಬ್ಬಸ ಕೆಡುವುದು ಬೆಳಗಿನ ಜಾವದಲ್ಲಿ, ಮತ್ತು ಔಷಧಿಯ ಪರೀಕ್ಷೆಗಳು ನಡೆದದ್ದೂ ರಾತ್ರಿಯ ಮಾತ್ರೆಯ ಮೇಲೆಯೇ. ಬರೀ ಮೂಗಿನ ಅಲರ್ಜಿಗಾದರೆ ಯಾವ ಹೊತ್ತಾದರೂ ಸರಿ.

ಬಲದ ವಿಷಯಕ್ಕೆ ಬಂದರೆ ಚಿತ್ರ ಬೇರೆ. ದಿನನಿತ್ಯದ ಅಸ್ತಮಾ ಹತೋಟಿಗೆ ಇನ್‌ಹೇಲರ್‌ನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್ ಮಾಂಟೆಲುಕಾಸ್ಟ್‌ಗಿಂತ ಮೇಲು ಎಂದು ಒಂದಾದ ಮೇಲೊಂದು ಹೋಲಿಕೆಗಳು ತೋರಿಸಿವೆ. ಮೂಗಿಗೂ ಹಾಗೆಯೇ, ಸ್ಟೀರಾಯ್ಡ್ ಸ್ಪ್ರೇ ಮಾಡುವಷ್ಟು ಈ ಮಾತ್ರೆ ಮಾಡಲಾರದು. ಅಸ್ತಮಾ ಬರೀ ಲ್ಯೂಕೋಟ್ರೈಯೀನ್ ಒಂದರ ರೋಗವಲ್ಲ, ಇನ್ನೂ ಹತ್ತಾರು ರಾಸಾಯನಿಕಗಳು ಅದರಲ್ಲಿ ಕೈಯಾಡಿಸುತ್ತವೆ. ಸ್ಟೀರಾಯ್ಡ್ ಅವುಗಳಲ್ಲಿ ಹಲವನ್ನು ಒಟ್ಟಿಗೆ ತಣ್ಣಗಾಗಿಸಿದರೆ ಇದು ಒಂದೇ ಸೀಟು ಕಾಯುತ್ತದೆ. ಮತ್ತೆ, ಈಗ ಉಸಿರು ಕಟ್ಟಿರುವವರಿಗೆ ಮಾಂಟೆಲುಕಾಸ್ಟ್ ಕೊಟ್ಟು ಪ್ರಯೋಜನವಿಲ್ಲ. ಆಗ ಬೇಕಾದದ್ದು ಸಾಲ್ಬುಟಮಾಲ್‌ನಂಥ ತಕ್ಷಣ ನಾಳ ಬಿಡಿಸುವ ಇನ್‌ಹೇಲರ್, ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆ. ಮಾತ್ರೆ ನುಂಗಿ ಕಾಯುತ್ತ ಕೂರುವುದು ಅಪಾಯ.

ಹಾಗಾದರೆ ಇದರ ಜಾಗ ಎಲ್ಲಿ? ಇದೆ, ಮತ್ತು ಅದು ಸಣ್ಣ ಜಾಗವೇನಲ್ಲ. ಇನ್‌ಹೇಲರ್ ಸರಿಯಾಗಿ ಬಳಸಿಯೂ ಉಬ್ಬಸ ಪೂರ್ತಿ ಹಿಡಿತಕ್ಕೆ ಬಾರದವರಿಗೆ ಜೊತೆ ಔಷಧಿಯಾಗಿ, ಓಡಿದರೆ ಎದೆ ಕಟ್ಟುವ ಮಕ್ಕಳಿಗೆ, ಅಸ್ತಮಾ ಮತ್ತು ಮೂಗಿನ ಅಲರ್ಜಿ ಎರಡೂ ಒಟ್ಟಿಗೆ ಕಾಡುವವರಿಗೆ, ಆಸ್ಪಿರಿನ್ ಒಗ್ಗದ ಅಸ್ತಮಾದವರಿಗೆ ಇದು ನಿಜವಾಗಿ ಉಪಕಾರಿ. ಆಸ್ಪಿರಿನ್ ಒಗ್ಗದವರಿಗೆ ಒಂದು ಮಾತು: ಮಾಂಟೆಲುಕಾಸ್ಟ್ ತೆಗೆದುಕೊಳ್ಳುತ್ತಿದ್ದೇನಲ್ಲ ಎಂಬ ಧೈರ್ಯದಲ್ಲಿ ನೋವಿನ ಮಾತ್ರೆ ಮುಟ್ಟುವಂತಿಲ್ಲ. ಆ ಪ್ರವಾಹವನ್ನು ತಡೆಯುವ ತಾಕತ್ತು ಇದಕ್ಕಿಲ್ಲ.

ನಮ್ಮಲ್ಲಿ ಈ ಮಾತ್ರೆ ತನ್ನ ಜಾಗ ಮೀರಿ ಹಬ್ಬಿರುವುದಕ್ಕೆ ಇನ್‌ಹೇಲರ್ ಮೇಲಿನ ಅಂಜಿಕೆಯದ್ದು ದೊಡ್ಡ ಪಾಲು. 'ಪಂಪ್ ಹಿಡಿದರೆ ಆಮೇಲೆ ಬಿಡಿಸೋಕಾಗಲ್ಲ', 'ಹೆಣ್ಣು ಮಗು, ನಾಳೆ ಗಂಡಿನ ಕಡೆಯವರಿಗೆ ಗೊತ್ತಾದರೆ?' ಎನ್ನುವ ಮಾತುಗಳು ಇಂದಿಗೂ ಕೇಳಿಸುತ್ತವೆ. ಮಾತ್ರೆಗಾದರೆ ಈ ಕಳಂಕವಿಲ್ಲ, ಯಾರಿಗೂ ಕಾಣದ ಹಾಗೆ ನುಂಗಬಹುದು. ನಿಜವಾಗಿ ನೋಡಿದರೆ ಲೆಕ್ಕ ತಿರುಗುಮುರುಗಾಗಿದೆ. ಇನ್‌ಹೇಲರ್‌ನ ಔಷಧಿ ಮೈಕ್ರೋಗ್ರಾಂಗಳ ಅಳತೆಯಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಉಳಿದ ಮೈಗೆ ತಲುಪುವುದು ಸ್ವಲ್ಪ. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತುತ್ತದೆ. ಮಿದುಳಿಗೂ ಹೋಗುತ್ತದೆ.

ಈ ಕೊನೆಯ ವಾಕ್ಯದ ತೂಕ ತಿಳಿಯಲು ವರ್ಷಗಳೇ ಹಿಡಿದವು. ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ ಎಫ್‌ಡಿಎಗೆ ಬರುತ್ತಿದ್ದ ವರದಿಗಳಲ್ಲಿ ವಿಚಿತ್ರವಾದ ದೂರುಗಳು ಸೇರತೊಡಗಿದವು. ಕೆಟ್ಟ ಕನಸು, ನಿದ್ದೆಯಲ್ಲಿ ಕಿರುಚುವುದು, ನಿದ್ದೆಯಲ್ಲೇ ಎದ್ದು ನಡೆಯುವುದು. ಸೌಮ್ಯವಾಗಿದ್ದ ಮಗು ಏಕಾಏಕಿ ಹೊಡೆಯುವುದು, ಕಚ್ಚುವುದು. ಖಿನ್ನತೆ, ದಿಗಿಲು, ತೊದಲು, ಇಲ್ಲದ್ದು ಕಾಣುವುದು. ಕೆಲವು ವರದಿಗಳಲ್ಲಿ ಆತ್ಮಹತ್ಯೆ. 2008ರಲ್ಲಿ ಎಫ್‌ಡಿಎ ಈ ಬಗ್ಗೆ ಪರಿಶೀಲನೆ ಶುರುಮಾಡಿರುವುದಾಗಿ ತಿಳಿಸಿತು, 2009ರಲ್ಲಿ ಔಷಧಿಯ ಮಾಹಿತಿ ಚೀಟಿಯಲ್ಲಿ ಎಚ್ಚರಿಕೆ ಸೇರಿಸಲು ಹೇಳಿತು. ಆ ಚೀಟಿ ಎಷ್ಟು ಸಣ್ಣ ಅಕ್ಷರದ್ದೆಂದು ನಮಗೆಲ್ಲ ಗೊತ್ತು. ಮಕ್ಕಳ ವರ್ತನೆ ಕೆಟ್ಟದ್ದನ್ನು ಕಂಡ ತಂದೆತಾಯಂದಿರು ತಾವೇ ಒಟ್ಟಾಗಿ ದನಿಯೆತ್ತಿದರು. 2019ರ ಸೆಪ್ಟೆಂಬರಿನಲ್ಲಿ ಎಫ್‌ಡಿಎಯ ತಜ್ಞರ ಸಮಿತಿ ಸೇರಿತು. 2020ರ ಮಾರ್ಚ್ 4ರಂದು ಸಂಸ್ಥೆ ತನ್ನ ಅತ್ಯಂತ ಗಟ್ಟಿ ಎಚ್ಚರಿಕೆಯನ್ನು, ಅಂದರೆ ಕಪ್ಪು ಚೌಕಟ್ಟಿನೊಳಗೆ ಮುದ್ರಿಸುವ ಸೂಚನೆಯನ್ನು ಕಡ್ಡಾಯ ಮಾಡಿತು. 1998ರಿಂದ 2019ರ ಮೇವರೆಗೆ ತನಗೆ ಬಂದ ವರದಿಗಳಲ್ಲಿ ಈ ಔಷಧಿಯ ಜೊತೆ ತಳುಕುಹಾಕಿಕೊಂಡ 82 ಆತ್ಮಹತ್ಯೆ ಪ್ರಕರಣಗಳಿವೆ ಎಂದು ಆಗ ಹೇಳಿತು.

82 ಎಂಬ ಸಂಖ್ಯೆಯನ್ನು ಹೇಗೆ ಓದಬೇಕು? 2018ರ ಒಂದೇ ವರ್ಷದಲ್ಲಿ ಅಮೆರಿಕದ ಔಷಧಿ ಅಂಗಡಿಗಳಿಂದ ಸುಮಾರು 93 ಲಕ್ಷ ಜನ ಇದನ್ನು ಪಡೆದಿದ್ದರು, ಅವರಲ್ಲಿ 23 ಲಕ್ಷ 17 ವರ್ಷದೊಳಗಿನವರು. ಹೀಗೆ ಪಕ್ಕದಲ್ಲಿಟ್ಟು ನೋಡಿದರೆ 82 ಬಹಳ ಸಣ್ಣದಾಗಿ ಕಾಣುತ್ತದೆ. ಆದರೆ ತಾವಾಗಿ ಬರೆದು ಕಳಿಸುವ ವರದಿಗಳು ನಡೆದದ್ದರ ಒಂದು ಚೂರು ಮಾತ್ರ. ಮಾತ್ರೆಗೂ ಸಾವಿಗೂ ಸಂಬಂಧ ಕಲ್ಪಿಸಿಕೊಳ್ಳದೇ ಹೋದ ಮನೆಗಳು ಆ ಲೆಕ್ಕದಲ್ಲಿಲ್ಲ. ಅದೇ ರೀತಿ, ವರದಿಯಾದ ಸಾವುಗಳೆಲ್ಲ ಮಾತ್ರೆಯಿಂದಲೇ ಆದವು ಎನ್ನುವಂತೆಯೂ ಇಲ್ಲ. ಹೀಗಾಗಿ ಎಫ್‌ಡಿಎ ಬೇರೊಂದು ದಾರಿ ಹಿಡಿದು, ಆರೋಗ್ಯ ವಿಮೆಯ ದೊಡ್ಡ ದತ್ತಾಂಶದಲ್ಲಿ ಮಾಂಟೆಲುಕಾಸ್ಟ್ ನುಂಗುವ ಅಸ್ತಮಾ ರೋಗಿಗಳನ್ನೂ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರನ್ನೂ ಹೋಲಿಸಿ ನೋಡಿತು. ಖಿನ್ನತೆಗಾಗಿ ಇಲ್ಲವೇ ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆ ಸೇರಿದವರ ಪ್ರಮಾಣ ಮಾಂಟೆಲುಕಾಸ್ಟ್ ಗುಂಪಿನಲ್ಲಿ ಹೆಚ್ಚಿರಲಿಲ್ಲ.

ಒಂದು ಕಡೆ ಅಳುವ ತಾಯಂದಿರು, ಇನ್ನೊಂದು ಕಡೆ ಲಕ್ಷಗಟ್ಟಲೆ ಜನರ ಲೆಕ್ಕ. ಯಾರದು ನಿಜ? ನನಗೆ ಇವೆರಡರ ನಡುವೆ ಜಗಳವೇ ಕಾಣುವುದಿಲ್ಲ. ವಿಮೆಯ ದತ್ತಾಂಶ ಎಣಿಸಿದ್ದು ಆಸ್ಪತ್ರೆಯ ಮೆಟ್ಟಿಲು ಹತ್ತಿದವರನ್ನು. ನಡುರಾತ್ರಿ ಬೆಚ್ಚಿ ಕೂರುವ, ಶಾಲೆಯಲ್ಲಿ ಮಂಕಾಗುವ, ತಂಗಿಯ ಮೇಲೆ ರೇಗುವ ಆರು ವರ್ಷದ ಹುಡುಗನಿಗೆ ವಿಮೆಯ ಕಡತದಲ್ಲಿ ಸಾಲಿಲ್ಲ. ಬಹುಪಾಲು ಜನರಿಗೆ ಏನೂ ಆಗದೆ, ಕೆಲವರಿಗೆ ಮಾತ್ರ ಜೋರಾಗಿ ಆಗುವ ಅಡ್ಡಪರಿಣಾಮ ಸರಾಸರಿಯಲ್ಲಿ ಕರಗಿಹೋಗುತ್ತದೆ. ಮಾತ್ರೆ ನಿಲ್ಲಿಸಿದ ಕೆಲವೇ ದಿನಕ್ಕೆ ಮಗು ಮೊದಲಿನಂತಾಗಿ, ಮತ್ತೆ ಕೊಟ್ಟಾಗ ಮತ್ತೆ ಕೆರಳಿದರೆ, ಆ ಮನೆಯ ಮಟ್ಟಿಗೆ ಅನುಮಾನಕ್ಕೆ ಎಡೆಯಿಲ್ಲ.

ಮಿದುಳಿನಲ್ಲಿ ಇದು ಏನು ಮಾಡುತ್ತದೆ ಎಂಬುದರ ಸುತ್ತ ಸ್ವಾರಸ್ಯದ ಸಂಗತಿಗಳಿವೆ. 2015ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ವಿಜ್ಞಾನಿಗಳು ಮುದಿ ಇಲಿಗಳಿಗೆ ಮಾಂಟೆಲುಕಾಸ್ಟ್ ಕೊಟ್ಟಾಗ ಅವುಗಳ ಕಲಿಕೆ, ನೆನಪು ಸುಧಾರಿಸಿದವು. ಮಿದುಳಿನ ಉರಿಯೂತ ತಗ್ಗಿ ಹೊಸ ನರಕೋಶಗಳು ಹೆಚ್ಚಿದ್ದವು. ಮರೆವಿನ ರೋಗಕ್ಕೆ ಇದು ಮದ್ದಾದೀತೇ ಎಂಬ ಆಸೆ ಹುಟ್ಟಿದ್ದು ಅಲ್ಲಿಂದ. 2024ರ ನವೆಂಬರಿನಲ್ಲಿ ಎಫ್‌ಡಿಎಯ ಸಂಶೋಧಕರು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ನಡೆದ ವಿಷವಿಜ್ಞಾನ ಸಮ್ಮೇಳನದಲ್ಲಿ ಇನ್ನೊಂದು ಮುಖ ತೋರಿಸಿದರು: ಪ್ರಯೋಗಾಲಯದಲ್ಲಿ ಈ ಅಣು ಮನೋಸ್ಥಿತಿಗೆ ಸಂಬಂಧಪಟ್ಟ ಹಲವು ಮಿದುಳಿನ ಗ್ರಾಹಿಗಳಿಗೂ ಅಂಟಿಕೊಳ್ಳುತ್ತದೆ. ತನ್ನದಲ್ಲದ ಬಸ್ಸಿನ ಸೀಟುಗಳ ಮೇಲೂ ಅದರ ಟವೆಲ್ ಬೀಳುತ್ತಿದೆ ಎಂದಾಯಿತು. ಹಾಗೆ ಅಂಟಿಕೊಂಡದ್ದೇ ಮಕ್ಕಳ ಕೆಟ್ಟ ಕನಸಿಗೆ ಕಾರಣ ಎಂದು ಇದರಿಂದ ಸಾಬೀತಾಗಲಿಲ್ಲ. ಅದೇ 2024ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರೂ ಮಾಹಿತಿ ಚೀಟಿಯಲ್ಲಿ ಈ ಎಚ್ಚರಿಕೆ ಇನ್ನೂ ಎದ್ದು ಕಾಣುವಂತಿರಬೇಕು ಎಂದರು.

2020ರ ಎಚ್ಚರಿಕೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಎಫ್‌ಡಿಎ ಗೆರೆ ಎಳೆದ ಜಾಗ. ಔಷಧಿಯನ್ನು ಅದು ನಿಷೇಧಿಸಲಿಲ್ಲ. ಅಸ್ತಮಾದಲ್ಲಿ ಲಾಭ ನಷ್ಟ ತೂಗಿ ಕೊಡಿ ಎಂದಿತು. ಬರೀ ಮೂಗಿನ ಅಲರ್ಜಿಗಾದರೆ, ಬೇರೆ ಔಷಧಿಗಳು ನಾಟದವರಿಗೆ ಅಥವಾ ಒಗ್ಗದವರಿಗೆ ಮಾತ್ರ ಇಡಿ ಎಂದಿತು. ಅದೇ ಮಾತ್ರೆ, ಅದೇ 10 ಮಿಲಿಗ್ರಾಂ, ಅದೇ ಅಪಾಯ. ಉಸಿರು ಕಟ್ಟುವ ರೋಗದ ಎದುರಿಗೆ ಇಟ್ಟರೆ ಆ ಅಪಾಯ ಹೊರಬಹುದಾದದ್ದು. ಸೀನು, ಮೂಗು ಸೋರುವುದರ ಎದುರಿಗೆ ಇಟ್ಟರೆ ದುಬಾರಿ.

ಈ ಗೆರೆಯನ್ನು ನಮ್ಮ ಔಷಧಿ ಅಂಗಡಿಯ ಕಪಾಟಿನ ಮೇಲೆ ಎಳೆದು ನೋಡೋಣ. ಭಾರತದಲ್ಲಿ ಮಾಂಟೆಲುಕಾಸ್ಟ್ ಬರೀ ತಾನಾಗಿ ಬರುವುದಕ್ಕಿಂತ ಲೀವೊಸೆಟ್ರಿಜಿನ್ ಎಂಬ ಆಂಟಿಹಿಸ್ಟಮಿನ್ ಜೊತೆ ಒಂದೇ ಮಾತ್ರೆಯಾಗಿ ಬರುವುದೇ ಹೆಚ್ಚು. ಮಾಂಟೇರ್ ಎಲ್‌ಸಿ, ಮಾಂಟೆಕ್ ಎಲ್‌ಸಿ, ಟೆಲಿಕಾಸ್ಟ್ ಎಲ್ ಹೀಗೆ ಹೆಸರುಗಳಿಗೆ ಲೆಕ್ಕವಿಲ್ಲ. ಮಕ್ಕಳಿಗೆ ಸಿರಪ್ ಕೂಡ ಉಂಟು. ಇದು ವೈದ್ಯರ ಚೀಟಿ ತೋರಿಸಿಯೇ ಕೊಳ್ಳಬೇಕಾದ ಔಷಧಿ. ಪಟ್ಟಿಯ ಮೇಲಿನ ಕೆಂಪು ಗೆರೆ ಇರುವುದು ಅದಕ್ಕೇ. ಆದರೆ ಬೆಂಗಳೂರಿನಂಥ ಊರಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಹೂವಿನ ಪರಾಗ, ಕಾಂಗ್ರೆಸ್ ಗಿಡ, ರಸ್ತೆ ಅಗೆತದ ಧೂಳು, ವಾಹನದ ಹೊಗೆ. ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಇಲ್ಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಅಸ್ತಮಾ ಇದ್ದವರ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕ ಅದು, ಇಡೀ ಊರಿನದಲ್ಲ. ಆದರೂ ಏರಿಕೆಯ ದಿಕ್ಕು ಸ್ಪಷ್ಟ. ಹೀಗಿರುವಾಗ ಮೂಗು ಸೋರಿದ ಕೂಡಲೇ ಜನ ಅಂಗಡಿಗೆ ಹೋಗಿ 'ಅದೇ ಎಲ್‌ಸಿ ಮಾತ್ರೆ ಕೊಡಿ' ಎನ್ನುತ್ತಾರೆ. ಹೋದ ವರ್ಷ ಡಾಕ್ಟರು ಹತ್ತು ದಿನಕ್ಕೆ ಬರೆದ ಚೀಟಿ ಮನೆಯವರೆಲ್ಲರಿಗೂ ಕಾಯಂ ಪರವಾನಗಿಯಾಗುತ್ತದೆ. ಅದರಲ್ಲಿ ಎರಡು ಔಷಧಿಗಳಿವೆ ಎಂಬುದೇ ಅನೇಕರಿಗೆ ತಿಳಿದಿರುವುದಿಲ್ಲ.

ಮಳೆಯಲ್ಲಿ ನೆನೆದ ಮೇಲೆ ಬರುವ ವೈರಸ್ ನೆಗಡಿ ಅಲರ್ಜಿಯಲ್ಲ, ಅದಕ್ಕೆ ಮಾಂಟೆಲುಕಾಸ್ಟ್ ಬೇಕಿಲ್ಲ. ಬರೀ ಸೀನು ತುರಿಕೆಯ ಅಲರ್ಜಿಗೆ ಲೀವೊಸೆಟ್ರಿಜಿನ್ ಒಂದೇ ಸಾಕಾಗುವುದುಂಟು. ಮೂಗು ಕಟ್ಟುವುದೇ ಮುಖ್ಯ ತೊಂದರೆಯಾದರೆ ಸ್ಪ್ರೇ ಮೇಲು. ಜೋಡಿಯ ಇನ್ನೊಂದು ಭಾಗವೂ ಪೂರಾ ಸಾಧುವಲ್ಲ. ಲೀವೊಸೆಟ್ರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ತಿಂಗಳುಗಟ್ಟಲೆ ನುಂಗಿ ಏಕಾಏಕಿ ಬಿಟ್ಟವರಲ್ಲಿ ಅಪರೂಪಕ್ಕೆ ಮೈಯೆಲ್ಲ ತೀವ್ರ ತುರಿಕೆ ಏಳುತ್ತದೆ ಎಂದು ಎಫ್‌ಡಿಎ 2025ರಲ್ಲಿ ಎಚ್ಚರಿಸಿದೆ. ಆ ತುರಿಕೆಯನ್ನು ಅಲರ್ಜಿ ಮರಳಿತೆಂದು ತಿಳಿದು ಮತ್ತೆ ಮಾತ್ರೆಗೆ ಮೊರೆಹೋದರೆ ಸುತ್ತು ಮುಗಿಯುವುದೇ ಇಲ್ಲ.

ಇದನ್ನು ಓದಿ ಅಸ್ತಮಾ ಇರುವವರು ಇವತ್ತೇ ಮಾತ್ರೆ ಎಸೆಯಬೇಕಿಲ್ಲ, ಎಸೆಯಲೂಬಾರದು. ವರ್ಷಗಳಿಂದ ತೆಗೆದುಕೊಂಡು ನಿದ್ದೆ, ಮನಸ್ಸು ಎರಡೂ ನೆಟ್ಟಗಿರುವವರು ಬಹಳ ಮಂದಿ. ಹೊಸದಾಗಿ ಶುರುಮಾಡಿದ ಮನೆಯಲ್ಲಿ ಮಾತ್ರ ಮೊದಲ ಕೆಲವು ವಾರ ನಿದ್ದೆಯ ಮೇಲೆ ಕಣ್ಣಿರಲಿ. ಹೆಚ್ಚಿನ ಸಲ ತೊಂದರೆ ತಲೆಹಾಕುವುದು ಅಲ್ಲಿಂದ. ಆದರೆ ತಿಂಗಳುಗಳ ಮೇಲೂ ಆಗಬಹುದು, ಮೊದಲು ಯಾವ ಮಾನಸಿಕ ತೊಂದರೆಯೂ ಇಲ್ಲದವರಿಗೂ ಆಗಬಹುದು. ಮಗುವಿಗೆ ಕೊಡುವಾಗ ಅಜ್ಜಿಗೂ ಶಾಲೆಯ ಟೀಚರಿಗೂ ಒಂದು ಮಾತು ಹೇಳಿಟ್ಟರೆ ಒಳ್ಳೆಯದು. ವರ್ತನೆ ಬದಲಾದರೆ, ಅದರಲ್ಲೂ ಸಾಯುವ ಮಾತು ಬಂದರೆ, ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ಅಸ್ತಮಾಕ್ಕೆ ಬದಲಿ ಏನೆಂದು ಅವರೇ ಹೇಳುತ್ತಾರೆ. ಬಹುಪಾಲು ಜನರಲ್ಲಿ ನಿಲ್ಲಿಸಿದ ಮೇಲೆ ತೊಂದರೆ ಹೋಗುತ್ತದೆ. ಹೋಗದೆ ಉಳಿದ ವರದಿಗಳೂ ಇವೆ, ಹಾಗಾಗಿ ನೋಡೋಣ ಎಂದು ಕಾಯುವುದು ಬೇಡ.

ಇನ್ನುಳಿದ ಎಚ್ಚರಿಕೆಗಳು ಕೆಲವರಿಗೆ ಸೀಮಿತ. ಸ್ಟೀರಾಯ್ಡ್ ಮಾತ್ರೆ ಕಡಿಮೆ ಮಾಡುತ್ತ ಇದನ್ನು ಶುರುಮಾಡಿದವರಲ್ಲಿ ಅಪರೂಪಕ್ಕೆ ರಕ್ತನಾಳಗಳ ಉರಿಯೂತ ಕಾಣಿಸಿಕೊಂಡದ್ದುಂಟು. ಕೈಕಾಲು ಜೋಮು, ಮೈಮೇಲೆ ಗಂಧೆ, ಉಸಿರು ಇನ್ನಷ್ಟು ಕೆಡುವುದು ಅದರ ಸೂಚನೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫಿನೋಬಾರ್ಬಿಟಾಲ್ ಜೊತೆಗಿದ್ದರೆ ಮಾಂಟೆಲುಕಾಸ್ಟ್‌ನ ಮಟ್ಟ ರಕ್ತದಲ್ಲಿ ಇಳಿಯಬಹುದು. ಅಗಿಯುವ ಮಾತ್ರೆಯಲ್ಲಿ ಆಸ್ಪಾರ್ಟೇಮ್ ಎಂಬ ಸಿಹಿ ಇರುವುದರಿಂದ ಫೀನೈಲ್‌ಕೀಟೋನೂರಿಯಾ ಇರುವ ಮಕ್ಕಳಿಗೆ ಅದು ಸಲ್ಲದು.

ಕೊನೆಯದಾಗಿ ವರದಿಯ ವಿಷಯ. ಅಮೆರಿಕದಲ್ಲಿ ಕಪ್ಪು ಚೌಕಟ್ಟು ಬಂದದ್ದರ ಹಿಂದೆ ಮನೆಮನೆಯವರು ಬರೆದು ಕಳಿಸಿದ ದೂರುಗಳಿದ್ದವು. ನಮ್ಮಲ್ಲೂ ಆ ವ್ಯವಸ್ಥೆ ಇದೆ: ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುವ ಔಷಧ ಅಡ್ಡಪರಿಣಾಮ ನಿಗಾ ಕಾರ್ಯಕ್ರಮ. ವೈದ್ಯರೇ ಆಗಬೇಕೆಂದಿಲ್ಲ, ಔಷಧಿ ನುಂಗಿದವರೋ ಅವರ ಮನೆಯವರೋ 1800-180-3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ಹೇಳಬಹುದು. ಮಾತ್ರೆಯ ಹೆಸರು, ಬ್ಯಾಚ್ ಸಂಖ್ಯೆ, ಎಂದು ಶುರುಮಾಡಿದ್ದು, ಎಂದು ತೊಂದರೆ ಕಾಣಿಸಿದ್ದು, ನಿಲ್ಲಿಸಿದ ಮೇಲೆ ಏನಾಯಿತು ಎಂದು ಕೇಳುತ್ತಾರೆ. ಖಾಲಿಯಾದ ಮಾತ್ರೆ ಪಟ್ಟಿಯನ್ನು ಎಸೆಯದೆ ಇಟ್ಟುಕೊಂಡಿದ್ದರೆ ಉತ್ತರಿಸುವುದು ಸುಲಭ.